ಗಾಳಿ ಇಲ್ಲದ ಕಡೆ ಬಿಸಿ ಹೇಗೆ ಆರುತ್ತದೆ?

ಚಂದ್ರನ ಮೇಲೆ ಇಳಿಯಬೇಕಾದ ಲ್ಯಾಂಡರ್‌ಗೆ ಸೇರಿದ ಒಂದು ಎಲೆಕ್ಟ್ರಾನಿಕ್ಸ್ ಪೆಟ್ಟಿಗೆ ನನ್ನ ಪಾಲಿಗೆ ಬಂದಿತ್ತು. ಲ್ಯಾಬಿನ ಮೇಜಿನ ಮೇಲೆ ಅದು ದಿನಗಟ್ಟಲೆ ಓಡಿತ್ತು. ಮುಟ್ಟಿದರೆ ಬೆಚ್ಚಗೆ, ಅಷ್ಟೇ.

ಆಮೇಲೆ ಥರ್ಮೋವ್ಯಾಕ್ ಪರೀಕ್ಷೆ, ಅಂದರೆ ಗಾಳಿ ತೆಗೆದ ಚೇಂಬರ್‌ನಲ್ಲಿ ಚಳಿಗೂ ಬಿಸಿಗೂ ಒಡ್ಡಿ ನೋಡುವುದು. ಪೆಟ್ಟಿಗೆಯನ್ನು ಚೇಂಬರ್ ಒಳಗಿಟ್ಟು, ಬಾಗಿಲು ಹಾಕಿ, ಪಂಪ್ ಶುರು ಮಾಡಿದೆವು. ಒತ್ತಡ 10⁻⁵ ಮಿಲಿಬಾರ್‌ಗೆ ಇಳಿಯಿತು. ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಲ್ಲಿ ಹತ್ತು ಕೋಟಿಗೆ ಒಂದು ಪಾಲು. ಪೆಟ್ಟಿಗೆಯ ಸುತ್ತಲಿನ ಲೋಹದ ಹೊದಿಕೆಯಲ್ಲಿ, ಅಂದರೆ ಶ್ರೌಡ್‌ನಲ್ಲಿ, ದ್ರವ ಸಾರಜನಕ ಹರಿಯುತ್ತದೆ. ಅದು ಕುದಿಯುವುದೇ ಮೈನಸ್ 196 ಡಿಗ್ರಿಯಲ್ಲಿ.

ಪೆಟ್ಟಿಗೆಯನ್ನು ಬಹಳ ಹೊತ್ತು ಚಳಿಯಲ್ಲಿಡುವ ಕೋಲ್ಡ್ ಸೋಕ್ ಸಲೀಸಾಗಿ ಮುಗಿಯಿತು. ನನಗೆ ಭಯ ಇದ್ದದ್ದು ಹಾಗೆಯೇ ಬಿಸಿಯಲ್ಲಿಡುವ ಹಾಟ್ ಸೋಕ್ ಬಗ್ಗೆ. ಚಂದ್ರನ ನಡುಹಗಲಲ್ಲಿ ನೆಲ 120 ಡಿಗ್ರಿವರೆಗೂ ಕಾಯಬಹುದು. ಆ ಹಗಲು ನಮ್ಮ 14 ದಿನದಷ್ಟು ಉದ್ದ. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ವಿಕ್ರಮ್ ಅನ್ನು ರೂಪಿಸಿದ್ದೂ ಅಂಥ ಒಂದು ಹಗಲಿಗಾಗಿಯೇ.

ನಡುರಾತ್ರಿ ಪವರ್ ಟ್ರಾನ್ಸಿಸ್ಟರ್ ಮೇಲಿನ ಥರ್ಮೋಕಪಲ್, ಅಂದರೆ ಉಷ್ಣತೆ ಅಳೆಯುವ ತಂತಿ, ತೋರಿಸುವ ಅಂಕಿ ಏರತೊಡಗಿತು. ಕಿತ್ತು ಬಂದಿರಬಹುದೇ? ಇಲ್ಲ, ಕಿತ್ತುಬಂದದ್ದು ಹೀಗೆ ಏರುವುದಿಲ್ಲ. ಪಕ್ಕದ್ದೂ ಏರುತ್ತಿತ್ತು. ಮಿತಿ ಮುಟ್ಟುವ ಮೊದಲೇ ಪವರ್ ಆಫ್ ಮಾಡಿಸಿದೆ.

ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹುಯ್ದು ಆರಿಸುತ್ತೇವೆ ಅಲ್ವಾ? ಆರಿಸುವುದು ಗಾಳಿ. ಚೇಂಬರ್‌ನಲ್ಲಿ ಆ ಗಾಳಿಯೇ ಇಲ್ಲ. ಬಿಸಿ ಹೋಗಬೇಕೆಂದರೆ ಲೋಹದಿಂದ ಲೋಹಕ್ಕೆ ಹರಿಯಬೇಕು, ಇಲ್ಲವೇ ವಿಕಿರಣವಾಗಿ ಹೊರಗೆ ಸೂಸಬೇಕು.

ತಕ್ಷಣ ಬಾಗಿಲು ತೆರೆಯುವ ಹಾಗಿಲ್ಲ. ಶ್ರೌಡ್ ತಣ್ಣಗಿರುವಾಗಲೇ ತೆರೆದರೆ ಹೊರಗಿನ ತೇವ ಒಳಗೆಲ್ಲ ನೀರಾಗಿ ಕೂರುತ್ತದೆ. ಎಲ್ಲವೂ ಕೋಣೆಯ ಉಷ್ಣತೆಗೆ ಬರಬೇಕು, ಒಣ ಸಾರಜನಕ ತುಂಬಬೇಕು, ಒಳಗೆ ಹೋಗುವ ಮೊದಲು ಆಮ್ಲಜನಕ ಎಷ್ಟಿದೆ ನೋಡಲೇಬೇಕು. ಈ ಕೊನೆಯದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಸಾರಜನಕಕ್ಕೆ ವಾಸನೆ ಇಲ್ಲ, ಉಸಿರು ಕಟ್ಟುವುದು ಗೊತ್ತೇ ಆಗುವುದಿಲ್ಲ.

ಬಿಚ್ಚಿ ನೋಡಿದಾಗ ಟ್ರಾನ್ಸಿಸ್ಟರ್ ಕೆಳಗಿನ, ಅದರ ಬಿಸಿಯನ್ನು ಲೋಹಕ್ಕೆ ದಾಟಿಸುವ ಪ್ಯಾಡ್ ಒಂದು ಮೂಲೆಯಲ್ಲಿ ಎದ್ದಿತ್ತು. ಕೂದಲೆಳೆಯಷ್ಟು ಸಂದು. ಮೇಜಿನ ಮೇಲೆ ಆ ಸಂದಿನಲ್ಲಿ ಗಾಳಿ ತುಂಬಿಕೊಂಡು ಬಿಸಿಯನ್ನು ದಾಟಿಸುತ್ತಿತ್ತು. ಅದಕ್ಕೇ ನಮಗೆ ಕಂಡಿರಲಿಲ್ಲ. ಪ್ಯಾಡ್ ಬದಲಿಸಿದೆವು. ಸ್ಕ್ರೂಗಳನ್ನು ಎದುರುಬದುರು ಕ್ರಮದಲ್ಲಿ, ಟಾರ್ಕ್ (ತಿರುಗಿಸುವ ಬಲ) ಅಳೆದು ಬಿಗಿದೆವು.

ಮತ್ತೆ ಪಂಪ್, ಮತ್ತೆ ಹಾಟ್ ಸೋಕ್. ಆ ರಾತ್ರಿಯೂ ನಾನು ಮನೆಗೆ ಹೋಗಲಿಲ್ಲ. ಬೆಳಗಿನ ಜಾವದ ಹೊತ್ತಿಗೆ ಪರದೆಯ ಮೇಲಿನ ಗೆರೆ ಏರುವುದನ್ನು ನಿಲ್ಲಿಸಿ ನೇರವಾಗಿ ಸಾಗುತ್ತಿತ್ತು.