ಸೋನಾ ಮಸೂರಿ ಗಂಜಿಯಲ್ಲಿ ನಿಂತ ಆನೆ

ಕಾಗದ ಮಡಚಿ ಮಾಡಿದ ನನ್ನ ಒರಿಗಾಮಿ ಆನೆ ಎದ್ದು ನಿಂತು ಎಂಟು ತಿಂಗಳಾಯಿತು. ಟೋಕಿಯೋದ ತ್ಸುಯು ಮಳೆಗಾಲ ಕಳೆದರೂ ಸೊಂಡಿಲು ಒಂದು ಚೂರೂ ಇಳಿದಿಲ್ಲ. 'ಕಾಗದಕ್ಕೆ ಗಂಜಿ ಬಳಿದರೆ ಬೂಷ್ಟು ಬರುತ್ತೆ, ಹುಳ ತಿನ್ನುತ್ತೆ' ಅಂದವರಿಗೆಲ್ಲ ಫೋಟೋ ಕಳಿಸಿದ್ದೇನೆ. ಇಬ್ಬರು ಇನ್ನೂ ಉತ್ತರ ಕೊಟ್ಟಿಲ್ಲ, ಇರಲಿ.

ಕಾಗದವನ್ನು ಒದ್ದೆ ಮಾಡಿ ಮಡಚೋದಕ್ಕೆ ದಪ್ಪ ಡ್ರಾಯಿಂಗ್ ಹಾಳೆ ಸುಲಭ, ಗೊತ್ತಲ್ವಾ, ಅಂಟು ಅದರೊಳಗೇ ಇರುತ್ತೆ, ಒಣಗಿದ ಮೇಲೆ ಆಕಾರ ಹಿಡಿದಿಡುತ್ತೆ. ನನಗೆ ಕೋಜೋ ವಾಶಿನೇ ಬೇಕಿತ್ತು, ಅಂದರೆ ಕೋಜೋ ಗಿಡದ ತೊಗಟೆ ನಾರಿನ ಜಪಾನಿ ಕಾಗದ. ಆ ನಾರು ನೋಡಿದರೆ ಆನೆ ಚರ್ಮವೇ. ಆದರೆ ನಾನು ತಂದ ವಾಶಿ ಒದ್ದೆಯಾದರೆ ಹಳೇ ಪಂಚೆ ಥರ ಜೋತು ಬೀಳುತ್ತಿತ್ತು.

ಅದು ಗಟ್ಟಿ ನಿಲ್ಲಲಿ ಅಂತ ಮೀಥೈಲ್ ಸೆಲ್ಯುಲೋಸ್ ಅನ್ನುವ ಅಂಟು ಬಳಿದೆ. ಬೇರೆಯವರಿಗೆ ಆಗುತ್ತೆ, ನನ್ನ ಕೈಯಲ್ಲಿ ಕಾಲುಗಳು ಬಾಗಿದವು. ಆಮೇಲೆ ಇಲ್ಲಿನ ಚಿತ್ರಕಾರರು ವಾಶಿಗೆ ಬಳಿಯುವ ಪ್ರಾಣಿ ಅಂಟು ಮತ್ತು ಪಟಿಕದ ನೀರು. ಅದರ ಹೆಸರು ದೋಸಾ! ಹೆಸರು ಕೇಳಿಯೇ ಬಾಟಲಿ ಕೊಂಡೆ. ಅದನ್ನು ಬಳಿದ ಹಾಳೆಗೆ ಸ್ಪ್ರೇ ಮಾಡಿದರೆ ನೀರು ಕೆಸುವಿನೆಲೆ ಮೇಲಿನ ಹನಿ ಥರ ಉರುಳಿ ಹೋಯಿತು. ಬಣ್ಣ ಹರಡಬಾರದು ಅಂತಲೇ ಅದನ್ನು ಬಳಿಯೋದು, ಮೊದಲೇ ಯೋಚಿಸಬೇಕಿತ್ತು. ಒಂದು ಹಾಳೆಗೆ ಸಾವಿರ ಯೆನ್ ಹತ್ತಿರ, ಎಲ್ಲ ಸೇರಿ ಹದಿನಾಲ್ಕೈದು ಸಾವಿರ ಕೈ ಬಿಟ್ಟಿತು. ಹೆಂಡತಿಗೆ ಹೇಳಿದ್ದು ಆರು ಸಾವಿರ.

ಊರಲ್ಲಿ ಅಮ್ಮ ಕಾಟನ್ ಸೀರೆಗೆ ಗಂಜಿ ಹಾಕೋದು ನೆನಪಾಯಿತು. ಮೊದಲು ಇಲ್ಲಿನ ಅಂಟಂಟು ಅಕ್ಕಿಯಲ್ಲಿ ಮಾಡಿದೆ, ಬ್ರಷ್ ಗೆರೆ ಎಲ್ಲ ಹಾಗೇ ಉಳಿಯಿತು. ಟೋಕಿಯೋದಲ್ಲಿ ನಮ್ಮ ದೇಶದವರು ಜಾಸ್ತಿ ಇರುವ ನಿಶಿ ಕಸಾಯ್‌ನಿಂದ ಸೋನಾ ಮಸೂರಿ ತಂದೆ. ಒಂದು ಹಿಡಿ ಅಕ್ಕಿಗೆ ಸುಮಾರು ಒಂದು ಲೀಟರ್ ನೀರು, ಅಕ್ಕಿ ಪೂರ್ತಿ ಒಡೆಯುವ ತನಕ ಕುದಿಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿ, ತೆಳು ಮಜ್ಜಿಗೆ ಹದಕ್ಕೆ ತಂದೆ. ಗಾಜಿನ ಮೇಲೆ ಹಾಳೆ ಹರಡಿ ಒಂದು ಕೋಟ್, ಪೂರ್ತಿ ಒಣಗಿದ ಮೇಲೆ ಇನ್ನೊಂದು. ಬೂಷ್ಟು ಬರದಿರಲು ಗಂಜಿಗೆ ಒಂದು ಸಾಮಾನು ಸೇರಿಸುತ್ತೇನೆ, ಅದನ್ನು ಮಾತ್ರ ಕೇಳಬೇಡಿ.

ಮಡಚುವಾಗ ಸ್ಪ್ರೇ ಬೇಡ, ಹಿಂಡಿದ ಬಟ್ಟೆ ಸಾಕು. ಜಾಸ್ತಿ ಒದ್ದೆಯಾದರೆ ಕಾಲಿನ ಸಂದಿಯಲ್ಲಿ, ನಾಲ್ಕು ಮಡಿಕೆ ಸೇರುವ ಕಡೆ, ನಾರು ಎದ್ದು ಹತ್ತಿ ಥರ ಆಗುತ್ತೆ. ಅಲ್ಲೇ ಮೂರು ಆನೆ ಹೋದವು. ಸೊಂಡಿಲಿಗೆ ಬಟ್ಟೆ ಕ್ಲಿಪ್ ಹಾಕಿ ಎರಡು ದಿನ ಬಿಟ್ಟೆ. ತೆಗೆದ ಮೇಲೆ ಬೆರಳಲ್ಲಿ ತಟ್ಟಿದರೆ ಒಣಗಿದ ಹಪ್ಪಳದ ಸದ್ದು!

ಸುಮ್ನೆ ಇರಲಾರದೆ ರಾಗಿ ಗಂಜಿಯನ್ನೂ ಬಳಿದೆ. ಬಣ್ಣ ಏನು ಚೆಂದ ಬಂತು ಅಂದರೆ, ನಿಜವಾದ ಆನೆ ಬಣ್ಣ. ಆದರೆ ಮಡಚಿದ ಕಡೆಯೆಲ್ಲ ಬಿರುಕು. ಮಂಡಿ ಮುರಿದ ಆ ಮರಿ ಈಗ ಮೈಕ್ರೋವೇವ್ ಮೇಲೆ ಮಲಗಿದೆ.