ರೈಫಲ್‌ನಿಂದ ಪಿಸ್ತೂಲಿಗೆ: ಆಯುಧ ಬದಲಿಸುವ ಅಭ್ಯಾಸ ಹೇಗೆ?

ಅಮೆರಿಕದ ಶೂಟಿಂಗ್ ಕ್ಲಬ್‌ಗಳು ನಡೆಸುವ ಮಲ್ಟಿಗನ್ ಸ್ಪರ್ಧೆಗಳಲ್ಲಿ ಸ್ಪರ್ಧಿಯು ಒಂದೇ ಸುತ್ತಿನಲ್ಲಿ ರೈಫಲ್ ಬಿಟ್ಟು ಪಿಸ್ತೂಲು ಹಿಡಿಯಬೇಕಾಗುತ್ತದೆ. ಪೊಲೀಸ್ ತರಬೇತಿಯಲ್ಲೂ ಈ ಪಾಠವಿದೆ. ಗುರಿ ನಾಲ್ಕಾರು ಮೀಟರ್ ದೂರದಲ್ಲಿರುವಾಗ ರೈಫಲ್ ಖಾಲಿಯಾದರೆ, ಮ್ಯಾಗಜಿನ್ (ಗುಂಡುಗಳ ಡಬ್ಬಿ) ಬದಲಿಸುವುದಕ್ಕಿಂತ ಸೊಂಟದ ಪಿಸ್ತೂಲನ್ನು ತೆಗೆಯುವುದೇ ಬೇಗ ಆಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ನೂರು ಮೀಟರ್ ದೂರದ ಗುರಿಗೆ ಈ ಲೆಕ್ಕ ಹೊಂದುವುದಿಲ್ಲ.

ಅಲ್ಲಿ ನೆಲೆಸಿರುವ ಕನ್ನಡಿಗರು ಮೊದಲು ಗಮನಿಸಬೇಕಾದದ್ದು ಕಾನೂನನ್ನು. ಎಚ್-1ಬಿಯಂತಹ ತಾತ್ಕಾಲಿಕ ವೀಸಾದ ಮೇಲಿರುವವರು ಬೇಟೆಯ ಪರವಾನಗಿಯಂತಹ ವಿನಾಯಿತಿ ಇಲ್ಲದಿದ್ದರೆ ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವಂತಿಲ್ಲ. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ.

ಅಭ್ಯಾಸದ ಬಹುಪಾಲು ಗುಂಡಿಲ್ಲದೆಯೇ ನಡೆಯುತ್ತದೆ. ಎರಡೂ ಆಯುಧಗಳಿಂದ ಮ್ಯಾಗಜಿನ್ ತೆಗೆದು, ಗುಂಡು ಕೂರುವ ಚೇಂಬರನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಖಾಲಿಯೆಂದು ಖಚಿತಪಡಿಸಿಕೊಳ್ಳಬೇಕು. ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬರಬೇಕು. ಗುರಿಯ ಕಾಗದವನ್ನು ಗುಂಡು ತಡೆಯಬಲ್ಲ ಗೋಡೆಯ ಮೇಲೆ ಅಂಟಿಸಬೇಕು. ಅಮೆರಿಕದ ಅನೇಕ ಮನೆಗಳ ಒಳಗೋಡೆಗಳು ತೆಳು ಜಿಪ್ಸಮ್ ಹಲಗೆಯವು, ಅವು ಏನನ್ನೂ ತಡೆಯುವುದಿಲ್ಲ.

ಬಲಗೈಯವರಿಗೆ ಕ್ರಮ ಹೀಗಿರುತ್ತದೆ. ರೈಫಲಿನ ಸ್ಲಿಂಗ್ ಪಟ್ಟಿಯನ್ನು ಕುತ್ತಿಗೆಗೂ ಎಡ ಭುಜಕ್ಕೂ ಸೇರಿಸಿ ಹಾಕಿಕೊಂಡು, ಕೈ ಬಿಟ್ಟಾಗ ಹಿಡಿಕೆಯು ಎದೆಯ ಕೆಳಗೆ ನಿಲ್ಲುವಷ್ಟು ಬಿಗಿಗೊಳಿಸಬೇಕು. ಗುರಿಯತ್ತ ಹಿಡಿದು ಟ್ರಿಗರ್ ಒತ್ತಿ, ರೈಫಲ್ ಖಾಲಿಯೆಂದು ಗೊತ್ತಾದ ಕ್ಷಣವೇ ಬೆರಳನ್ನು ಟ್ರಿಗರಿನಿಂದ ಹೊರಗೆ ತಂದು, ಸೇಫ್ಟಿ (ಗುಂಡು ಹಾರದಂತೆ ತಡೆಯುವ ಸನ್ನೆ) ಹಾಕಲು ಹೆಬ್ಬೆರಳನ್ನು ಆಡಿಸಬೇಕು. ಎಆರ್-15 ಮಾದರಿಯ ರೈಫಲಿನಲ್ಲಿ ಹ್ಯಾಮರ್ (ಟ್ರಿಗರ್ ಒತ್ತಿದಾಗ ಬಡಿಯುವ ಒಳಗಿನ ಸುತ್ತಿಗೆ) ಬಿದ್ದಿದ್ದರೆ ಸೇಫ್ಟಿ ಸನ್ನೆ ತಿರುಗುವುದೇ ಇಲ್ಲ. ಅದರೊಡನೆ ಗುದ್ದಾಡದೆ ಮುಂದುವರಿಯಬೇಕು.

ಇನ್ನು ಎರಡೂ ಕೈಗಳು ಒಟ್ಟಿಗೆ ಕೆಲಸ ಮಾಡಬೇಕಾದ ಘಟ್ಟ. ಎಡಗೈ ರೈಫಲನ್ನು ಬಿಡದೆ, ಬಾಯಿ ನೆಲದತ್ತ ಇರುವಂತೆ, ಎಡ ಮಗ್ಗುಲಿಗೆ ಇಳಿಸುತ್ತಿರುವಾಗಲೇ ಬಲಗೈ ಸೊಂಟದ ಹೋಲ್‌ಸ್ಟರ್ (ಪಿಸ್ತೂಲಿನ ಚೀಲ) ತಲುಪಿ ಪಿಸ್ತೂಲಿನ ಪೂರ್ಣ ಹಿಡಿತ ಪಡೆಯಬೇಕು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ: ರೈಫಲನ್ನು ಎಸೆದಂತೆ ಬಿಡುತ್ತಾರೆ, ಅದು ಓಲಾಡಿ ತೊಡೆಗೆ ಬಡಿಯುತ್ತದೆ ಇಲ್ಲವೇ ಹೋಲ್‌ಸ್ಟರಿಗೆ ಅಡ್ಡ ಬರುತ್ತದೆ. ಪಿಸ್ತೂಲು ಎದೆಯ ಮಟ್ಟಕ್ಕೆ ಬಂದಾಗ ಎಡಗೈ ಬಂದು ಸೇರಬೇಕು. ಅದು ಪಿಸ್ತೂಲಿನ ಬಾಯಿಯ ಮುಂದೆ ಹಾದುಹೋಗಕೂಡದು. ಬಳಿಕ ಎರಡೂ ಕೈಗಳನ್ನು ಗುರಿಯತ್ತ ಚಾಚುತ್ತಾ ಸೈಟ್ (ಪಿಸ್ತೂಲಿನ ಮೇಲಿನ ಗುರಿ ಹಿಡಿಯುವ ಗುರುತು) ಕಣ್ಣಿಗೆ ಸಿಕ್ಕ ಮೇಲಷ್ಟೇ ಟ್ರಿಗರ್ ಒತ್ತಬೇಕು.

ವೇಗದ ಮಾತು ಆಮೇಲೆ. ಮೊದಲ ವಾರ ಗಡಿಯಾರವೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ದಿನಕ್ಕೆ ಹತ್ತು ನಿಮಿಷ ನಿಧಾನವಾಗಿ ಮಾಡಿದರೆ ಸಾಕು. ನಂತರ ಶಾಟ್ ಟೈಮರಿನಲ್ಲಿ (ಬೀಪ್ ಕೊಟ್ಟು ಸಮಯ ಅಳೆಯುವ ಸಾಧನ) ಎರಡು ಬೀಪ್‌ಗಳ ನಡುವೆ 3 ಸೆಕೆಂಡು ಇಟ್ಟು ಆರಂಭಿಸಿ, ಹತ್ತರಲ್ಲಿ ಒಂಬತ್ತು ಬಾರಿ ತಪ್ಪಿಲ್ಲದೆ ಮುಗಿದರೆ 0.2 ಸೆಕೆಂಡು ಕಡಿಮೆ ಮಾಡಬಹುದು. ಸಮಯ ಉಳಿಸಬೇಕಾದದ್ದು ಕೈಗಳು ಚಲಿಸುವಾಗ; ಸೈಟ್ ನೋಡುವ ಗಳಿಗೆಯಿಂದ ಕದ್ದರೆ ಗುಂಡು ಗುರಿ ತಪ್ಪುತ್ತದೆ. ಪಿಸ್ತೂಲನ್ನು ಹೋಲ್‌ಸ್ಟರಿಗೆ ಮರಳಿಸುವುದಕ್ಕಂತೂ ಟೈಮರ್ ಬೇಡವೇ ಬೇಡ: ಅಂಗಿಯ ಅಂಚು ಟ್ರಿಗರಿಗೆ ಸಿಕ್ಕಿಕೊಂಡರೆ ಸ್ವಂತ ಕಾಲಿಗೇ ಗುಂಡು ತಗುಲೀತು.

ಸ್ಪರ್ಧೆಯಲ್ಲಿ ಸ್ಲಿಂಗ್ ಇಲ್ಲದೆ ರೈಫಲನ್ನು ನಿಗದಿತ ಪೆಟ್ಟಿಗೆ ಅಥವಾ ಡ್ರಮ್ಮಿನಲ್ಲಿ ಬಿಡಬೇಕಾದರೆ, ಅದು ಖಾಲಿಯಾಗಿರಬೇಕು ಇಲ್ಲವೇ ಸೇಫ್ಟಿ ಪೂರ್ತಿ ಹಾಕಿರಬೇಕು. ತಪ್ಪಿದರೆ ಸ್ಪರ್ಧೆಯಿಂದಲೇ ಹೊರಬೀಳಬೇಕಾಗುತ್ತದೆ. ಆದ್ದರಿಂದ ಈ ಬಗೆಯ ಬದಲಾವಣೆಯನ್ನು ಒಂದು ರಟ್ಟಿನ ಡಬ್ಬವಿಟ್ಟು ಪ್ರತ್ಯೇಕವಾಗಿಯೇ ಕಲಿಯಬೇಕು.

ಶೂಟಿಂಗ್ ರೇಂಜಿನಲ್ಲಿ ನಿಜವಾದ ಗುಂಡು ಹಾಕುವ ದಿನ ಅಲ್ಲಿನ ಅಧಿಕಾರಿಯ ಎದುರು, 5 ಮೀಟರಿನಲ್ಲಿ, ರೈಫಲಿಗೆ ಒಂದು ಗುಂಡು, ಪಿಸ್ತೂಲಿಗೆ ಎರಡು ಎಂಬಂತೆ ತೊಡಗುವುದು ಒಳ್ಳೆಯದು. ಮನೆಯಲ್ಲಿ ಅಭ್ಯಾಸ ಮುಗಿದಾಗ ಗೋಡೆಯ ಕಾಗದವನ್ನು ತೆಗೆದು, "ಮುಗಿಯಿತು" ಎಂದು ಬಾಯಿಬಿಟ್ಟು ಹೇಳಿ, ಆಯುಧವನ್ನು ಬೀಗ ಹಾಕಿ ಇಡಬೇಕು. "ಇನ್ನೊಂದೇ ಸಲ" ಎಂದು ಗುಂಡು ತುಂಬಿದ ಪಿಸ್ತೂಲನ್ನು ಮರೆತು ಎತ್ತಿಕೊಂಡವರ ಮನೆಯ ಗೋಡೆಗಳಲ್ಲಿ ತೂತುಗಳಿವೆ.