ನೀರಿನ ಗೆರೆ ಹಿಡಿದು ನಗರ–ಹಳ್ಳಿಗಳ ಒಪ್ಪಂದ: ನನ್ನ ಅನುಭವ

ನಗರಕ್ಕೂ ಅದಕ್ಕೆ ನೀರೊದಗಿಸುವ ಜಲಾನಯನದ ಹಳ್ಳಿಗಳಿಗೂ ನಡುವೆ ಒಪ್ಪಂದ ಕುದುರಿಸುವ ಕೆಲಸದಲ್ಲಿ ನಾನು ಸಂಯೋಜಕನಾಗಿದ್ದೆ. ಮೊದಲು ಮಾಡಿದ್ದು ಆಡಳಿತದ ಗಡಿಗಳಿರುವ ನಕ್ಷೆಯನ್ನು ಪಕ್ಕಕ್ಕಿಟ್ಟದ್ದು. ಬದಲಿಗೆ, ಯಾವುದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಖಾಲಿ ಹಾಳೆಯ ಮೇಲೆ ಗೆರೆ ಎಳೆದೆವು. ನೀರು, ಹಾಲು, ತರಕಾರಿ, ದಿನವೂ ಕೆಲಸಕ್ಕೆ ಹೋಗಿಬರುವ ಜನ. ಎದುರು ದಿಕ್ಕಿನಲ್ಲಿ ಹಣ, ಆಸ್ಪತ್ರೆಯ ಸೇವೆ, ಜೊತೆಗೆ ನಗರದ ಕಸ. ಅಲ್ಲಿಯವರೆಗೆ ‘ಹಳ್ಳಿಗಳಿಗೆ ನೆರವು’ ಎನ್ನುತ್ತಿದ್ದ ನಗರದ ಅಧಿಕಾರಿಗಳು ಆ ಹಾಳೆ ನೋಡಿದ ಮೇಲೆ ಆ ಮಾತು ಬಿಟ್ಟರು.

ಎಲ್ಲ ಗೆರೆಗಳನ್ನೂ ಒಟ್ಟಿಗೆ ಹಿಡಿಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾವು ನೀರೊಂದನ್ನೇ ಆರಿಸಿಕೊಂಡೆವು, ಏಕೆಂದರೆ ಅದರ ಲೆಕ್ಕ ಎರಡೂ ಕಡೆಯವರಿಗೆ ಅರ್ಥವಾಗುತ್ತದೆ. ಜರ್ಮನಿಯ ಮ್ಯೂನಿಕ್ ನಗರದ ನೀರು ಸರಬರಾಜು ಸಂಸ್ಥೆ ತನಗೆ ನೀರೊದಗಿಸುವ ಮಾಂಗ್‌ಫಾಲ್ ಕಣಿವೆಯ ರೈತರಿಗೆ, ನೀರು ಕೆಡದಂತೆ ಸಾವಯವ ಕೃಷಿ ಮಾಡಲು 1990ರ ದಶಕದಿಂದ ಹಣ ಕೊಡುತ್ತಿದೆ. ನ್ಯೂಯಾರ್ಕ್ ನಗರ ತನ್ನ ನೀರಿನ ಮೂಲವಾದ ಕ್ಯಾಟ್‌ಸ್ಕಿಲ್ ಬೆಟ್ಟಸೀಮೆಯ ಊರುಗಳೊಂದಿಗೆ, ನೀರನ್ನು ಮೂಲದಲ್ಲೇ ಶುದ್ಧವಾಗಿಡಲು 1997ರಲ್ಲಿ ಒಪ್ಪಂದ ಮಾಡಿಕೊಂಡು, ಹಲವು ನೂರು ಕೋಟಿ ಡಾಲರ್ ನುಂಗಬಹುದಾಗಿದ್ದ ಶುದ್ಧೀಕರಣ ಘಟಕದ ವೆಚ್ಚ ತಪ್ಪಿಸಿಕೊಂಡಿತು. ನಗರದ ಹಣಕಾಸು ವಿಭಾಗದವರಿಗೆ ಈ ಲೆಕ್ಕ ಹಿಡಿಸಿತು. ಹಳ್ಳಿಯವರಿಗೆ ಹಿಡಿಸಿದ್ದು ನ್ಯೂಯಾರ್ಕ್ ಒಪ್ಪಂದದ ಬೇರೊಂದು ಅಂಶ: ಅಲ್ಲಿ ನಗರ ಜಮೀನು ಕೊಳ್ಳುವುದು ಮಾರಲು ಒಪ್ಪಿದವರಿಂದ ಮಾತ್ರ, ಹಲವು ಕಾರ್ಯಕ್ರಮಗಳನ್ನು ನಡೆಸುವುದು ಸ್ಥಳೀಯರೇ ಬಹುಮತದಲ್ಲಿರುವ ಸಂಸ್ಥೆ. ಜಮೀನು ಹೋಗುತ್ತದೆಂಬ ಭಯ ಇರುವವರೆಗೆ ಯಾವ ಪರಿಹಾರದ ಮೊತ್ತವೂ ಮಾತುಕತೆಯನ್ನು ಮುಂದಕ್ಕೆ ಒಯ್ಯುವುದಿಲ್ಲ.

ಕರಡನ್ನು ಹಳ್ಳಿಗಳಲ್ಲೇ, ಒಂದೊಂದು ಷರತ್ತನ್ನೂ ಗಟ್ಟಿಯಾಗಿ ಓದಿ ಚರ್ಚಿಸಿದೆವು. ಹೊಳೆಯ ದಂಡೆಗೆ ಬೇಲಿ ಹಾಕಿ ದನಕರು ನೀರಿಗಿಳಿಯದಂತೆ ತಡೆಯಬೇಕು ಎಂಬಲ್ಲಿಗೆ ಬಂದಾಗ, ಹೈನುಗಾರಿಕೆ ಮಾಡುವ ಹೆಣ್ಣುಮಗಳೊಬ್ಬರು ಎದ್ದು ನಿಂತು, “ಹಾಗಾದರೆ ನನ್ನ ಹಸುಗಳು ಎಲ್ಲಿ ನೀರು ಕುಡಿಯಬೇಕು?” ಎಂದು ಕೇಳಿದರು. ತಜ್ಞರ ಕರಡಿನಲ್ಲಿ ಉತ್ತರ ಇರಲಿಲ್ಲ. ನಗರದ ಖರ್ಚಿನಲ್ಲಿ ಕೊಳವೆ ಎಳೆದು ತೊಟ್ಟಿ ಕಟ್ಟಿಸುವುದು, ಕೊಳವೆ ಒಡೆದರೆ ದುರಸ್ತಿ ಯಾರದು, ಬೇಲಿಯಾಚೆ ಉಳಿಯುವ ಮೇವಿಗೆ ಏನು ಪರಿಹಾರ ಎಂಬುದೆಲ್ಲ ಆ ಒಂದು ಪ್ರಶ್ನೆಯಿಂದ ಒಪ್ಪಂದಕ್ಕೆ ಸೇರಿತು. ಇಡೀ ದಾಖಲೆಯಲ್ಲಿ ನನಗೆ ಹೆಚ್ಚು ಹೆಮ್ಮೆ ತರುವ ಭಾಗ ಅದೇ.

ಜಂಟಿ ಸಮಿತಿಯಲ್ಲಿ ಜನಸಂಖ್ಯೆಗೆ ತಕ್ಕಂತೆ ಸ್ಥಾನ ಕೊಡಬೇಕೆಂದು ನಗರ ಪಟ್ಟು ಹಿಡಿಯಿತು. ಹಾಗೆ ಮಾಡಿದ್ದರೆ ಹಳ್ಳಿಯವರು ಸಹಿ ಹಾಕುವುದಕ್ಕಷ್ಟೇ ಬರಬೇಕಾಗುತ್ತಿತ್ತು. ಕೊನೆಗೆ ಇಬ್ಬರಿಗೂ ಸಮಾನ ಸ್ಥಾನ, ಸರದಿಯ ಅಧ್ಯಕ್ಷತೆ, ಎರಡೂ ಕಡೆಯ ಒಪ್ಪಿಗೆಯಿಲ್ಲದೆ ನಿಧಿ ಬಳಸುವಂತಿಲ್ಲ ಎಂಬ ನಿಯಮ ಬಂದವು. ಹಣವನ್ನು ವಾರ್ಷಿಕ ಅನುದಾನವಾಗಿಸದೆ ನೀರಿನ ಶುಲ್ಕದ ಒಂದು ಪಾಲಾಗಿ ನಿಗದಿಪಡಿಸಿದೆವು. ಅನುದಾನಕ್ಕೆ ಪ್ರತಿ ವರ್ಷ ಕೈಚಾಚಬೇಕು. ಶುಲ್ಕದ ಪಾಲಾದರೆ ನಗರಸಭೆಯಲ್ಲಿ ಅಧಿಕಾರ ಬದಲಾದರೂ ಬರುತ್ತಿರುತ್ತದೆ.

ಈಗ ಅದೇ ಸಮಿತಿ ಎರಡನೆಯ ಗೆರೆಯನ್ನು ಕೈಗೆತ್ತಿಕೊಂಡಿದೆ: ನಗರದ ಹಸಿಕಸ. ಗಾಜು, ಪ್ಲಾಸ್ಟಿಕ್ ಬೆರೆತ ಕಸದ ಗೊಬ್ಬರ ತಮಗೆ ಬೇಡವೆಂದು ರೈತರು ಖಡಾಖಂಡಿತವಾಗಿ ಹೇಳಿದ್ದಾರೆ. ಹೀಗಾಗಿ ಮನೆಯಲ್ಲೇ ಕಸ ಬೇರ್ಪಡಿಸುವ ಹೊಣೆ ಈ ಬಾರಿ ನಗರದ್ದು; ಬಂದ ಗೊಬ್ಬರವನ್ನು ಪರೀಕ್ಷಿಸಿ, ಬೇಡವಾದರೆ ಹಿಂದಕ್ಕೆ ಕಳಿಸುವ ಹಕ್ಕು ಹಳ್ಳಿಯದು.